ಪಡುವಣ ಯಾವ ಕಡೆ?

ಮಾರ್ಚ್ 11

ಆಸ್ಪತ್ರೆಯವರು ಈ ಪುಸ್ತಕ ಕೊಟ್ಟದ್ದು ಇವರ ರಕ್ತದೊತ್ತಡ ಬರೆದಿಡಲು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಎರಡು ಅಂಕಿ ಬರೆದ ಮೇಲೂ ಪುಟದ ತುಂಬ ಜಾಗ ಉಳಿಯುತ್ತದೆ. ಮನೆಯಲ್ಲಿ ನಾವಿಬ್ಬರೇ, ಅದರಲ್ಲಿ ಒಬ್ಬರ ಬಾಯಿ ಸೊಟ್ಟಗಾಗಿದೆ. ಅದಕ್ಕೇ ಬರೆಯುತ್ತೇನೆ. ಓದಿಬಿಟ್ಟಾರು ಎಂಬ ಭಯವಿಲ್ಲ. ಇವರಿಗೆ ಈಗ ಪುಟದ ಎಡಗಡೆ ಕಾಣಿಸುವುದೇ ಇಲ್ಲ.

ಪುಟದ ಎಡಗಡೆ ಮಾತ್ರವಲ್ಲ, ತಟ್ಟೆಯ ಎಡಗಡೆ ಕೂಡ. ಇವತ್ತು ಮನೆಗೆ ಬಂದವರಿಗೆ ಅನ್ನ ಬಡಿಸಿ, ಸೋಯಾ ಕಾಳಿನ ಟೆಂಪೆ ಹುರಿದು ಹಾಕಿದೆ. ಬಲಗಡೆಯದನ್ನೆಲ್ಲ ತಿಂದು, "ಇಷ್ಟೇನಾ ಹಾಕೋದು? ಆಸ್ಪತ್ರೆಯವರೇ ವಾಸಿ" ಎಂದರು. ತಟ್ಟೆಯನ್ನು ತಿರುಗಿಸಿ ಇಟ್ಟೆ. "ಈಗ ಸರಿ" ಎಂದು ತಿಂದರು. ನಾನು ಒಲೆಯ ಹತ್ತಿರ ಹೋಗಿ ಅತ್ತೆ.

ಲಕ್ವ ಹೊಡೆದು ಎಡಗೈ, ಎಡಗಾಲು ಎರಡೂ ಸತ್ತಂತಿವೆ. ಮೆಟ್ಟಿಲು ಹತ್ತಲಾಗದು ಎಂದು ಕೆಳಗಿನ ಕೋಣೆಯಲ್ಲಿ ಮಲಗಿಸಿದ್ದೇನೆ. ನಾನು ಊರವರ ಮದುವೆಗೆ ಅಡುಗೆ ಮಾಡುತ್ತಿದ್ದ ಕಡಾಯಿಗಳನ್ನು ತುಂಬಿದ್ದ ಕೋಣೆ ಅದು. ಇವರು ಅದರೊಳಗೆ ಕಾಲಿಟ್ಟವರೇ ಅಲ್ಲ. ಇವರನ್ನು ಎತ್ತಿ ಕೂರಿಸುವಷ್ಟರಲ್ಲಿ ನನ್ನ ಮಂಡಿ ಕಟಕಟ ಎಂದವು. ನಾನು ನೆಲಕ್ಕೆ ಕೂತು ಆರು ವರ್ಷವಾಯಿತು. ಸ್ಟೂಲಿನಿಂದ ಏಳಬೇಕಾದರೂ ಬಾಗಿಲು ಹಿಡಿಯಬೇಕು. ಕುಂಟನಿಗೆ ಕುಂಟಿ ಜೊತೆ.

ಮುಲಾಮು ಹಚ್ಚಿಕೊಂಡೆ. ಕೋಣೆಯೆಲ್ಲ ಕರ್ಪೂರದ ವಾಸನೆ.

ಮಾರ್ಚ್ 14

ವ್ಯಾಯಾಮ ಕಲಿಸುವ ಹುಡುಗಿ ಬಂದಿದ್ದಳು. ಹೆರ್ಮಿನಾ ಎಂದು ಹೆಸರು. ಕಾಡಿನ ನದಿಯ ಕಡೆಯವಳು, ಎತ್ತರದ ಕರಿಯ ಹುಡುಗಿ. ಬಾಗಿಲಲ್ಲಿ ತಲೆ ತಗ್ಗಿಸಿಯೇ ಬಂದಳು.

"ಕಸಿಮಾನ್ ತಾತಾ, ಈ ಕಾಲು ಎತ್ತಿ ನೋಡೋಣ."

"ನೀನೇ ಎತ್ತಮ್ಮಾ, ನಿಂದು ಗಟ್ಟಿಯಾಗಿದೆ."

ಚೆಂಡು ಕೊಟ್ಟಳು, ಹಿಂಡಲಿಲ್ಲ. ರಬ್ಬರ್ ಪಟ್ಟಿ ಕೊಟ್ಟಳು, ಎಳೆಯಲಿಲ್ಲ. "ಅರವತ್ತೆಂಟು ವರ್ಷದ ಮುದುಕನ ಕೈಗೆ ಆಟದ ಸಾಮಾನು ಕೊಡ್ತಾಳೆ" ಎಂದು ಮುಖ ತಿರುಗಿಸಿದರು. ಅದೂ ಬಲಕ್ಕೇ.

ಹೋಗುವಾಗ ಅವಳು ಗೇಟಿನ ಹತ್ತಿರ ನಿಂತು ಹೇಳಿದಳು. "ಅಜ್ಜಿ, ಮೊದಲ ಮೂರು ತಿಂಗಳಲ್ಲಿ ಶಕ್ತಿ ಬಂದಷ್ಟೇ ಬರೋದು. ಆಮೇಲೆ ಕೀಲು ಬಿಗಿದುಹೋಗ್ತವೆ. ಹೀಗೇ ಮಲಗಿದ್ರೆ ಏಳೋದೇ ಇಲ್ಲ."

ಮೂರು ತಿಂಗಳಲ್ಲಿ ಒಂದು ಆಗಲೇ ಆಸ್ಪತ್ರೆಯಲ್ಲಿ ಹೋಯಿತು.

ಮಾರ್ಚ್ 17

ಏಳಲಿಲ್ಲ. ಹಾಸಿಗೆಯಲ್ಲೇ ಎಲ್ಲ. ಬದುಕಿಸಿದ್ದು ಯಾಕೆ ಎಂದು ಆಸ್ಪತ್ರೆಯವರನ್ನು ಕೇಳಬೇಕೆನ್ನಿಸಿತು. ಅನ್ನಿಸಿದ್ದನ್ನು ಬರೆದದ್ದಕ್ಕೆ ನಾಚಿಕೆಯಾಗುತ್ತಿದೆ. ಬರೆದದ್ದನ್ನು ಹೊಡೆದುಹಾಕುವುದಿಲ್ಲ, ಇರಲಿ.

ಮಾರ್ಚ್ 19

ಇವತ್ತು ಒಂದು ಸಂಗತಿ ನಡೆಯಿತು.

ಹೆರ್ಮಿನಾ ಬಂದಾಗ ಮಸೀದಿಯಲ್ಲಿ ಮಧ್ಯಾಹ್ನದ ನಮಾಜಿನ ನಗಾರಿ ಮೊಳಗಿತು. ಇವರು ಮಲಗಿದ್ದವರು ಬಲಗೈ ಎತ್ತಿ ಕಿವಿಯ ಹತ್ತಿರ ತಂದು, ಎದೆಯ ಮೇಲಿಟ್ಟುಕೊಂಡರು. ಆಮೇಲೆ ಆ ಬಲಗೈಯಿಂದಲೇ ಎಡಗೈಯನ್ನು ಹುಡುಕಿದರು. ತಡಕಾಡಿ ಹುಡುಕಿ, ಹಿಡಿದು ತಂದು ಎದೆಯ ಮೇಲೆ ಇಟ್ಟು, ಅದರ ಮೇಲೆ ಬಲಗೈ ಇಟ್ಟರು. ಒಂದು ತಿಂಗಳಲ್ಲಿ ಇವರು ತಮ್ಮ ಎಡಗೈಯನ್ನು ನೆನೆದದ್ದು ಇದೇ ಮೊದಲು.

ಹೆರ್ಮಿನಾ ನೋಡುತ್ತಿದ್ದಳು. ಮುಗಿದ ಮೇಲೆ ಕೇಳಿದಳು. "ತಾತಾ, ಪೂರ್ತಿ ನಮಾಜು ಹೇಗೆ ಮಾಡ್ತಾರೆ? ನನಗೆ ತೋರಿಸಿ."

"ಇವಳಿಗೆ ಹೇಳು, ತೋರಿಸ್ತಾಳೆ. ನಲವತ್ತು ವರ್ಷ ನೋಡಿದಾಳೆ, ಒಂದು ದಿನ ಮಾಡಿಲ್ಲ."

ನಿಜ. ನಮ್ಮಪ್ಪನ ಮನೆಯಲ್ಲಿ ಸತ್ತವರಿಗೆ ಎಡೆ, ಊರಿಗೆ ಊಟ, ಅಷ್ಟೇ ಧರ್ಮ. ನಾನು ಬಾಗಿಲು ಹಿಡಿದು ಎದ್ದು ತೋರಿಸಿದೆ. ನಿಲ್ಲುವುದು. ಕೈ ಮಂಡಿಗಿಟ್ಟು ಬಾಗುವುದು. ನೆಟ್ಟಗಾಗುವುದು. ಹಣೆ ನೆಲಕ್ಕಿಡುವುದನ್ನು ಬಾಯಲ್ಲಿ ಹೇಳಿದೆ. ನನ್ನ ಮಂಡಿಗೆ ಅದು ಆಗದ ಮಾತು.

ಅವಳು ಬೆರಳು ಮಡಿಸುತ್ತಾ ಹೋದಳು. "ನಿಂತರೆ ತೊಡೆಗೆ ಬಲ. ಬಾಗಿದರೆ ಬೆನ್ನು, ತೊಡೆಯ ಹಿಂದಿನ ನರ ಎಳೀತದೆ. ನೆಲಕ್ಕೆ ಹೋದ್ರೆ ಕೈಮೇಲೆ, ಭುಜದ ಮೇಲೆ ಭಾರ. ಎದ್ದರೆ ಸೊಂಟ. ಕೂತರೆ ಕಾಲ್ಬೆರಳು ಮಡಚ್ತದೆ. ಕೊನೆಗೆ ಕತ್ತು ಬಲಕ್ಕೆ, ಎಡಕ್ಕೆ. ಎಡಕ್ಕೆ! ಅಜ್ಜಿ, ನಾನು ಮೂರು ವರ್ಷ ಓದಿ ಕಲಿತಿದ್ದನ್ನೇ ಇವರು ದಿನಾ ಐದು ಸಲ ಮಾಡ್ತಿದ್ರಲ್ಲ!"

"ಹಾಗಾದ್ರೆ ವಾಸಿಯಾಗ್ತಾರಾ?"

"ಮಾತು ಕೊಡಲ್ಲ. ಔಷಧಿ ಅಂತಾನೂ ಹೇಳಲ್ಲ. ಆದ್ರೆ ನನ್ನ ಚೆಂಡು ಮುಟ್ಟದವರು ಇದನ್ನಾದ್ರೂ ಮಾಡ್ತಾರೆ."

ತಲೆ ಪೂರ್ತಿ ಕೆಳಗೆ ಹೋಗಬಾರದಂತೆ, ಮೆದುಳಿಗೆ ಒಳ್ಳೆಯದಲ್ಲ. ಬೆಂಚಿನ ಮೇಲೆ ದಿಂಬು ಪೇರಿಸಿ ಅದಕ್ಕೆ ಹಣೆ ಇಡಬೇಕು. ವಾರಕ್ಕೊಂದು ದಿಂಬು ತೆಗೆಯಬಹುದು. ಗೋಡೆಗೆ ಒಂದು ಕಬ್ಬಿಣದ ಹಿಡಿ ಬೇಕು. ನಾನು ಎಡಗಡೆ ನಿಂತು ಜೊತೆಯಲ್ಲಿ ಮಾಡಬೇಕು, ಆಗ ಎಡಕ್ಕೆ ಗಮನ ಹೋಗುತ್ತದಂತೆ.

"ಬೋದೊ ಹಬ್ಬದ ದಿನ ಮಸೀದಿ ಸಾಲಿನಲ್ಲಿ ನಿಲ್ತೀನಾ?" ಎಂದು ಇವರು ಕೇಳಿದರು. ಉಪವಾಸದ ತಿಂಗಳು ಮುಗಿದು ಬರುವ ಹಬ್ಬ. ಜೂನ್ ಮೊದಲ ವಾರ.

"ನೋಡೋಣ ತಾತಾ."

ಇವರು ಆ ಮಸೀದಿಯ ಮುಂದಿನ ಸಾಲಿನವರು. ಇವರ ಜಾಗಕ್ಕೆ ನಿಲ್ಲುವವರು ಯಾರೂ ಇಲ್ಲ, ಇವರನ್ನು ಬಿಟ್ಟರೆ ಉಳಿದಿರುವವರೇ ಒಂಬತ್ತು ಮಂದಿ ಮುದುಕರು.

ಮಾರ್ಚ್ 21

ಸುಳ್ಳು ಹೇಳಿದೆ.

ಕೋಣೆಯ ಮೂರು ಗೋಡೆ ತೆಳು ಹಲಗೆ. ದಕ್ಷಿಣದ್ದು ಮಾತ್ರ ಇಟ್ಟಿಗೆ. ಬಡಗಿ ಬಂದು ಕಬ್ಬಿಣದ ಹಿಡಿ ಅಲ್ಲಿಗೇ ಹೊಡೆದ, ಬೇರೆಲ್ಲಿ ಹೊಡೆದರೂ ಗೋಡೆಸಮೇತ ಕಿತ್ತು ಬರುತ್ತದೆ ಎಂದ. ಇವರಿಗೆ ಇರುವುದು ಬಲಗೈ ಒಂದೇ. ಬಲಗೈ ದಕ್ಷಿಣದ ಗೋಡೆಗೆ ಬರಬೇಕಾದರೆ ಮುಖ ಮೂಡಣಕ್ಕೆ ಇರಬೇಕು.

ಇವರು ಪಡುವಣದವರು. ನಮ್ಮ ಅಜ್ಜಂದಿರು ಜಾವಾದಿಂದ ಭೂಮಿಯ ಇನ್ನೊಂದು ಮಗ್ಗುಲಿನ ಈ ನಾಡಿನ ಕಬ್ಬಿನ ತೋಟಕ್ಕೆ ಹಡಗಿನಲ್ಲಿ ಬಂದಾಗ, ಅಲ್ಲಿ ಹೇಗೋ ಇಲ್ಲೂ ಹಾಗೆ ಎಂದು ಪಡುವಣಕ್ಕೇ ಮುಖ ಮಾಡಿ ನಮಾಜು ಮಾಡಿದರು. ಸಮುದ್ರ ದಾಟಿದ ಮೇಲೆ ಮೆಕ್ಕಾ ಮೂಡಣಕ್ಕಾಯಿತು ಎಂದು ಆಮೇಲಾಮೇಲೆ ಓದಿದವರು ಹೇಳಿದರು. ಅರ್ಧ ಊರು ತಿರುಗಿತು, ಅರ್ಧ ತಿರುಗಲಿಲ್ಲ. ಇವರ ತಮ್ಮ ಸರ್ಮಿದಿ ತಿರುಗಿದ. ಇವರು, "ನಮ್ಮಪ್ಪ ನೋಡಿದ ಕಡೆ ನಾನು ನೋಡ್ತೀನಿ, ದೇವರಿಗೆ ನಕಾಶೆ ಬೇಡ" ಎಂದರು. ಹತ್ತೊಂಬತ್ತು ವರ್ಷದಿಂದ ಅಣ್ಣ ತಮ್ಮಂದಿರು ಒಬ್ಬರ ಮನೆಯಲ್ಲಿ ಒಬ್ಬರು ನೀರು ಕುಡಿದಿಲ್ಲ.

ಇವತ್ತು ಎತ್ತಿ ನಿಲ್ಲಿಸಿದೆವು. ಹಿಡಿ ಸಿಕ್ಕಿತು, ನಿಂತರು. ನಿಂತ ಕೂಡಲೇ ಕೇಳಿದ್ದು ಒಂದೇ ಮಾತು.

"ಪಡುವಣ ಯಾವ ಕಡೆ?"

ಇವರಿಗೆ ಹೊಸ ಕೋಣೆ, ಕಿಟಕಿಗೆ ಪರದೆ, ತಲೆಯೊಳಗೆ ಮಂಜು. ಮುಖದೆದುರಿನ ಗೋಡೆಗೆ ಬೆರಳು ತೋರಿಸಿ, "ಇದೇ" ಎಂದೆ. ನಾಲಿಗೆ ತಡವರಿಸಲೂ ಇಲ್ಲ.

ನನಗೆ ಬೇಕಾದದ್ದು ಇವರು ಎದ್ದು ನಿಲ್ಲುವುದು. ದಿಕ್ಕು ಯಾವುದಾದರೆ ಏನು? ದೇವರು ಒಂದು ಗೋಡೆಯಲ್ಲಿ ಕೂತಿದ್ದಾನೆಯೇ?

ಮಾರ್ಚ್ 23

ಮಸೀದಿ ಉತ್ತರಕ್ಕಿದೆ. ನಗಾರಿಯ ಸದ್ದು ಈಗ ಎಡಗಡೆಯಿಂದ ಬರುತ್ತದೆ, ಪಡುವಣಕ್ಕೆ ನಿಂತಿದ್ದರೆ ಬಲದಿಂದ ಬರಬೇಕಿತ್ತು. ಸಿಕ್ಕಿಬಿದ್ದೆ ಎಂದುಕೊಂಡೆ. ಆದರೆ ಇವರು ಬಲಕ್ಕೇ ತಲೆ ಎತ್ತಿ ಕೇಳಿದರು. ಎಡದ ಸದ್ದನ್ನೂ ಈ ರೋಗ ಬಲಕ್ಕೆ ಸರಿಸಿಬಿಡುತ್ತದಂತೆ. ಹೆರ್ಮಿನಾ ಹೇಳಿದಳು. ಇವರ ರೋಗವೇ ನನ್ನ ಸುಳ್ಳಿಗೆ ಕಾವಲು ನಿಂತಿದೆ.

ಏಪ್ರಿಲ್ 2

ದಿನಕ್ಕೆ ಐದು ಸಲ. ಬೆಳಕು ಹರಿಯುವ ಮುಂಚೆ ಎಬ್ಬಿಸು, ಕೈಕಾಲು ಮುಖ ತೊಳೆಸು, ಹಿಡಿಗೆ ತಗುಲಿಹಾಕು. ಎಡ ಮಂಡಿ ಕುಸಿಯದಂತೆ ನಾನು ಪಕ್ಕದಲ್ಲಿ ಬಾಗಿ ಎರಡು ಕೈಯಿಂದ ಒತ್ತಿ ಹಿಡಿಯಬೇಕು. ಸ್ಟೂಲಿನ ಮೇಲೆ ಕೂತು ಹಿಡಿದರೆ ಕೈ ಎಟುಕುವುದಿಲ್ಲ. ಇವತ್ತು ಬೇರೆ ದಾರಿ ಕಾಣದೆ ಮಂಡಿಯೂರಿಬಿಟ್ಟೆ. ಅಯ್ಯಪ್ಪಾ! ಏಳುವಾಗ ನಾನೂ ಅದೇ ಹಿಡಿ ಹಿಡಿದು ಎದ್ದೆ.

"ಇಬ್ಬರು ಮುದುಕರಿಗೆ ಒಂದೇ ಹಿಡಿ ಸಾಕಾಗಲ್ಲ ಕಣೇ ರಸಿನೆಮ್" ಎಂದರು. ನಗು ಬಂತು. ಬಾಯಿ ಸೊಟ್ಟಗಾದರೂ ಕುಹಕ ಸೊಟ್ಟಗಾಗಿಲ್ಲ.

ಏಳು ದಿಂಬು.

ಏಪ್ರಿಲ್ 9

ಆರು ದಿಂಬು. ರಕ್ತದೊತ್ತಡ ಇಳಿದಿದೆ.

ಏಪ್ರಿಲ್ 12

ಬಿದ್ದರು. ನನ್ನ ಮೇಲೇ ಬಿದ್ದದ್ದರಿಂದ ಏನೂ ಆಗಲಿಲ್ಲ. "ನನ್ನನ್ನ ಹಾಸಿಗೆಯಲ್ಲಿ ಬಿಟ್ಟುಬಿಡು" ಎಂದರು. "ಬಿಟ್ಟು ನಾನೆಲ್ಲಿಗೆ ಹೋಗಲಿ?" ಎಂದು ಕೂಗಿದೆ. ಕೂಗಿದ್ದು ರಸ್ತೆಗೆ ಕೇಳಿರಬೇಕು. ಸಂಜೆಯ ನಗಾರಿ ಮೊಳಗಿದಾಗ ತಾವೇ ಬಲಗೈ ಚಾಚಿ, "ಬಾ, ಹಿಡಿ" ಎಂದರು.

ಇವರು ಏಳದಿದ್ದರೆ ನಾನು ಸಾಯುತ್ತೇನೆ. ನಿಜವಾಗಿ ಹೇಳುತ್ತಿದ್ದೇನೆ.

ಏಪ್ರಿಲ್ 20

ಹಿಡಿ ಬಿಟ್ಟು ಹತ್ತು ಎಣಿಸುವಷ್ಟು ಹೊತ್ತು ನಿಂತರು. ನಾಲ್ಕು ದಿಂಬು. ಹೆರ್ಮಿನಾ ಚಪ್ಪಾಳೆ ತಟ್ಟಿದಳು. ಸಂತೋಷಕ್ಕೆ ಸಾವೊತೊ ಸಾರು ಮಾಡಿದೆ. ದೊಡ್ಡ ಕಡಾಯಿ ಮಂಚದ ಕೆಳಗಿತ್ತು, ನುಸುಳಿ ಎಳೆದುಕೊಂಡೆ. ಕೋಳಿ ಸ್ವಲ್ಪ ಬಲಿತಿತ್ತು.

ಏಪ್ರಿಲ್ 28

ಇವತ್ತಿನದನ್ನು ಈಗಲೇ ಬರೆದಿಡಬೇಕು.

ನಮಾಜು ಮುಗಿಸುವಾಗ ಬಲಕ್ಕೆ ತಿರುಗಿ ಸಲಾಮು ಹೇಳಬೇಕು, ಆಮೇಲೆ ಎಡಕ್ಕೆ. ಇಷ್ಟು ದಿನ ಇವರ ಕತ್ತು ಎಡಕ್ಕೆ ಅರ್ಧ ಬಂದು ನಿಂತುಬಿಡುತ್ತಿತ್ತು. ನಾನು ಎಡಗಡೆಯೇ ಕೂತಿದ್ದರೂ ಕಾಣುತ್ತಿರಲಿಲ್ಲ. ಇವತ್ತು ಮಧ್ಯಾಹ್ನ ಕತ್ತು ಪೂರ್ತಿ ತಿರುಗಿತು. ಕಣ್ಣು ನನ್ನ ಮೇಲೆ ಬಿದ್ದು ಅಲ್ಲೇ ನಿಂತಿತು.

"ಅರೆ, ಇಲ್ಲೇ ಇದ್ದೀಯಾ?"

"ಮತ್ತೆಲ್ಲಿರ್ತೀನ್ರೀ?"

"ಎಷ್ಟು ದಿನದಿಂದ?"

ಎದ್ದು ಹೊರಗೆ ಹೋಗಿ ರಂಬುತಾನ್ ಮರ ಹಿಡಿದುಕೊಂಡು ಅತ್ತೆ. ಸಂತೋಷಕ್ಕೆ. ಬೋದೊ ಹಬ್ಬಕ್ಕೆ ನಿಲ್ಲುತ್ತಾರೆ, ನಿಂತೇ ನಿಲ್ಲುತ್ತಾರೆ.

ಏಪ್ರಿಲ್ 30

ನಗಾರಿ ಮೊಳಗಿದಾಗ ಇವರು ಎಡಕ್ಕೆ ತಲೆ ವಾಲಿಸಿದರು. ಆಮೇಲೆ ಹಣೆ ಉಜ್ಜಿಕೊಂಡರು. ನಾನು ಒಲೆಯ ಕಡೆ ಹೋದೆ.

ಮೇ 1

ಸರ್ಮಿದಿ ಬಂದ.

ಹತ್ತೊಂಬತ್ತು ವರ್ಷ ಬಾರದವನು, ಒಂದು ಹೆಡಿಗೆ ಮರಗೆಣಸು ಹೊತ್ತು ಗೇಟಿನಲ್ಲಿ ನಿಂತಿದ್ದ. ಕೂದಲೆಲ್ಲ ಬೆಳ್ಳಗಾಗಿದೆ. "ಅತ್ತಿಗೆ, ಬೈಯೋದಾದ್ರೆ ಒಳಗೆ ಕರೆದು ಬೈ" ಎಂದ. ಒಳಗೆ ಕರೆದೆ. ಯಾಕೆ ಕರೆದೆ? ಗೆಣಸು ತೆಗೆದುಕೊಂಡು ಕಳಿಸಬಾರದಿತ್ತೇ? ಸಂಜೆಯ ನಮಾಜಿನ ಹೊತ್ತು ಎಂಬುದು ತಲೆಗೆ ಹೊಳೆಯಲಿಲ್ಲವೇ?

ಇವರು ಹಿಡಿ ಹಿಡಿದು ನಿಂತು ನಮಾಜು ಮಾಡುತ್ತಿದ್ದರು. ಸರ್ಮಿದಿ ಬಾಗಿಲಲ್ಲಿ ನಿಂತು ನೋಡಿದ. ಕಿಟಕಿ ನೋಡಿದ, ಗೋಡೆ ನೋಡಿದ, ಅಣ್ಣನ ಬೆನ್ನು ನೋಡಿದ. ಕಣ್ಣಲ್ಲಿ ನೀರು ಕೋಡಿಗಟ್ಟಿತು. ನಾನು ಸನ್ನೆ ಮಾಡಿದೆ, ಬಾಯಿಗೆ ಬೆರಳಿಟ್ಟೆ. ಅವನು ನನ್ನನ್ನು ನೋಡಿದರೆ ತಾನೇ?

ಸಲಾಮು ಮುಗಿಯಿತೋ ಇಲ್ಲವೋ, ಓಡಿ ಬಂದು ಅಣ್ಣನ ಕಾಲು ಹಿಡಿದ. "ಅಣ್ಣಾ! ಕೊನೆಗೂ ಮೂಡಣಕ್ಕೆ ತಿರುಗಿದ್ಯಲ್ಲಣ್ಣಾ! ನಾನು ಸಾಯೋದ್ರೊಳಗೆ ಇದೊಂದು ನೋಡಿದ್ನಲ್ಲ!"

ಇವರು ಕತ್ತನ್ನು ಎಡಕ್ಕೆ ತಿರುಗಿಸಿದರು. ಪೂರ್ತಿ ತಿರುಗಿಸಿ ನನ್ನನ್ನೇ ನೋಡಿದರು. ಹಾಗೆ ತಿರುಗಲು ಕಲಿಸಿದವಳು ನಾನೇ.

"ಎಷ್ಟು ದಿನ?"

ಸುಳ್ಳು ಹೇಳಲಾಗಲಿಲ್ಲ. "ಇವತ್ತು ಬಿಟ್ಟು ನಲವತ್ತೊಂದು."

"ಮೂರು ದಿನದಿಂದ ನಗಾರಿ ಎಡಗಡೆ ಕೇಳ್ತಿತ್ತು" ಎಂದರು. "ನನ್ನ ತಲೆ ಇನ್ನೂ ಕೆಟ್ಟಿದೆ ಅಂದ್ಕೊಂಡಿದ್ದೆ."

ಬೈದಿದ್ದರೆ ತಡೆಯುತ್ತಿದ್ದೆ. ಹೊಡೆದಿದ್ದರೂ. ನನ್ನನ್ನು ಅನುಮಾನಿಸುವ ಬದಲು ತಮ್ಮ ತಲೆಯನ್ನೇ ಅನುಮಾನಿಸಿದರಲ್ಲ, ಅದನ್ನು ಎಲ್ಲಿಟ್ಟುಕೊಳ್ಳಲಿ?

ಮೇ 2

ಮಧ್ಯಾಹ್ನ ನಾನು ಬಾವಿಕಟ್ಟೆಯಲ್ಲಿದ್ದೆ. ಸದ್ದು ಕೇಳಿ ಓಡಿದೆ.

ಹಿಡಿ ಬಿಟ್ಟು, ಮಂಚದ ಅಂಚು ಹಿಡಿದು ಹಿಂದಕ್ಕೆ ತಿರುಗಿದ್ದಾರೆ. ಮಂಚ ಮುಗಿದ ಮೇಲೆ ಹಿಡಿಯಲು ಏನೂ ಇಲ್ಲ. ಅಲ್ಲಿಂದ ಮೂರು ಹೆಜ್ಜೆ. ಚಾಪೆಯನ್ನು ಬಲಗೈಯಲ್ಲೇ ಬಿಡಿಸಿ ಹಾಸಿದ್ದಾರೆ. ಹಾಸಲು ಬಾಗಿದವರು ಮೇಲೇಳಲಿಲ್ಲ. ಅದರ ಮೇಲೆ ಬಿದ್ದಿದ್ದರು. ತಲೆ ಪಡುವಣಕ್ಕಿತ್ತು.

ಸೊಂಟದ ಮೂಳೆ ಮುರಿದಿದೆ.

ಆಸ್ಪತ್ರೆಗೆ ಹೆರ್ಮಿನಾ ಓಡಿ ಬಂದಳು. "ಮೂರು ಹೆಜ್ಜೆ ಅವರಾಗೇ ಹಾಕಿದ್ರಾ? ಏನೂ ಹಿಡೀದೇ?" ಎಂದು ಎರಡು ಸಲ ಕೇಳಿದಳು. ಆಮೇಲೆ ಗೋಡೆಗೆ ತಿರುಗಿ ನಿಂತಳು. ನಲವತ್ತೆರಡು ದಿನದಿಂದ ನಾನು ಕಾಯುತ್ತಿದ್ದದ್ದು ಆ ಮೂರು ಹೆಜ್ಜೆಗೇ.

ಮೇ 12

ಮನೆಗೆ ಕರೆತಂದೆವು. ಎದೆ ದುರ್ಬಲ, ಶಸ್ತ್ರಚಿಕಿತ್ಸೆ ತಡೆಯುವುದಿಲ್ಲವಂತೆ. ಇನ್ನು ನಿಲ್ಲುವ ಮಾತಿಲ್ಲ. ಉಪವಾಸದ ತಿಂಗಳು ಆಗಲೇ ಶುರುವಾಗಿದೆ, ಊರಿನಲ್ಲಿ ಹಗಲು ಒಲೆ ಹೊತ್ತುತ್ತಿಲ್ಲ.

ನಾನೂ ಸರ್ಮಿದಿಯೂ ಸೇರಿ ಮಂಚ ತಿರುಗಿಸಿದೆವು. ಕಾಲು ಪಡುವಣಕ್ಕೆ, ತಲೆಗೆ ದಿಂಬು ಕೊಟ್ಟರೆ ಮುಖವೂ ಪಡುವಣಕ್ಕೆ. ಕಿಟಕಿಯ ಪರದೆ ನಾನೇ ಕಿತ್ತು ಹಾಕಿದೆ. "ಈಗ ನಿಜವಾಗಿ ಪಡುವಣವಾ?" ಎಂದು ಇವರು ತಮ್ಮನನ್ನು ಕೇಳಿದರು. ನನ್ನನ್ನಲ್ಲ.

"ನಿಜವಾಗಿ ಅಣ್ಣಾ" ಎಂದ. ಅವನ ಬಾಯಿಂದ ಆ ಮಾತು ಬರಬೇಕಾಯಿತು.

ಮೇ 13

ಇವತ್ತು ನನ್ನೊಡನೆ ಮಾತಾಡಿದರು.

"ದಿಕ್ಕು ತಪ್ಪಿದ್ದು ಇನ್ನೂರೈದು ನಮಾಜು. ಎಲ್ಲ ಮತ್ತೆ ಮಾಡಬೇಕು. ದಿನದ ಐದು, ಅದರ ಜೊತೆ ಹಳೇದು ಐದು."

"ಮಲಗಿಕೊಂಡಾ?"

"ಏಳಲಾಗದವನು ಕಣ್ಣಲ್ಲಿ ಮಾಡಬಹುದು. ರೆಪ್ಪೆ ಮುಚ್ಚಿದ್ರೆ ಬಾಗಿದ ಹಾಗೆ." ಒಂದು ಸಲ ರೆಪ್ಪೆ ಮುಚ್ಚಿ ತೋರಿಸಿದರು. "ನೀನು ಎಡಗಡೆ ನಿಂತು ಮೈಯಲ್ಲಿ ಮಾಡು. ಇಲ್ಲಾಂದ್ರೆ ಎಷ್ಟನೇ ಸಲ ಬಾಗಿದ್ದು ಅಂತ ಮರೆತುಹೋಗ್ತೀನಿ. ನನ್ನ ಮೈ ಕೆಲಸ ನಿಂದು. ಅದೇ ನಿನಗೆ ಶಿಕ್ಷೆ."

ಅಷ್ಟಾದರೂ ಕೊಟ್ಟರಲ್ಲ ಎಂದು ಚಾಪೆ ಹಾಸಿದೆ. ದಿಂಬುಗಳನ್ನೆಲ್ಲ ಇವರ ತಲೆಗೆ ಕೊಟ್ಟಾಗಿತ್ತು. ನನಗೆ ನೆಲವೇ ಉಳಿದದ್ದು.

ಮೇ 21

ಹತ್ತು ಸಲ. ನಿಲ್ಲು, ಬಾಗು, ನೆಲಕ್ಕೆ ಹೋಗು, ಏಳು. ಇವರ ರೆಪ್ಪೆ ಮುಚ್ಚುತ್ತದೆ, ನಾನು ಬಾಗುತ್ತೇನೆ. ಕೆಮ್ಮು ಶುರುವಾಗಿದೆ. ಅನ್ನ ಒಳಗೆ ಹೋಗುತ್ತಿಲ್ಲ, ಗಂಜಿ ಮಾತ್ರ.

ಮುಲಾಮಿನ ಡಬ್ಬಿ ಎಲ್ಲೋ ಬಿದ್ದಿದೆ. ಹುಡುಕಲು ಪುರುಸೊತ್ತಾಗಿಲ್ಲ.

ಮೇ 27

ಕೆಮ್ಮು. ಐದೇ ಆಯಿತು.

ಮೇ 30

ಬಿಸಿಲು ಬಿದ್ದ ಹೊತ್ತಿನಲ್ಲಿ ಮಂಚದ ಪಕ್ಕ ನೆಲದಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದೆ. ಇವರು ಬಹಳ ಹೊತ್ತು ನನ್ನನ್ನೇ ನೋಡಿದರು.

"ನಿನ್ನ ಸ್ಟೂಲ್ ಎಲ್ಲಿ?"

"ಯಾವ ಸ್ಟೂಲು?"

"ಮಂಡಿ ನೋಯಲ್ವೇನೇ?"

"ನೋಯಿಸ್ಕೊಳ್ಳೋಕೆ ಪುರುಸೊತ್ತೆಲ್ಲಿದೆ ನನಗೆ?"

ನಕ್ಕರು. ನಕ್ಕದ್ದು ಕೆಮ್ಮಾಯಿತು. ಯಾಕೆ ನಕ್ಕರು ಎಂದು ತಿಳಿಯಲಿಲ್ಲ. ಸದ್ಯ, ನನ್ನೊಡನೆ ನಕ್ಕರಲ್ಲ.

ಜೂನ್ 5

ಬೋದೊ ಹಬ್ಬ. ಯಾರಿಗೆ?

ಹತ್ತು ಗಂಟೆಗೆ ಸರ್ಮಿದಿ ಹೊಸ ಅಂಗಿ, ಕರಿ ಟೋಪಿ ಹಾಕಿ ಬಂದ. ಮಂಚದ ಹತ್ತಿರ ಕೂತು ಹೇಳಿದ. "ಅಣ್ಣಾ, ನಿಮ್ಮ ಮಸೀದಿಗೆ ಹೋಗಿದ್ದೆ. ಒಂಬತ್ತು ಜನ ಇದ್ರು. ಮುಂದಿನ ಸಾಲಿನಲ್ಲಿ ನಿನ್ನ ಜಾಗ ಹಾಗೇ ಖಾಲಿ ಬಿಟ್ಟಿದ್ರು. ನೋಡೋಕಾಗಲಿಲ್ಲ. ಹೋಗಿ ನಿಂತೆ."

"ಯಾವ ಕಡೆ ಮುಖ?"

"ಎಲ್ಲರ ಮುಖ ಯಾವ ಕಡೆಯೋ ಆ ಕಡೆ."

ಇವರು ಕಣ್ಣು ಮುಚ್ಚಿದರು. ತುಟಿಯ ಬಲಗಡೆ ಮೇಲೆ ಹೋಯಿತು. "ಹಾಗಾದ್ರೆ ನೀನೂ ಒಂದು ಮತ್ತೆ ಮಾಡಬೇಕಾಯ್ತು ಮಗನೇ."

ಇಬ್ಬರೂ ನಕ್ಕರು. ಸರ್ಮಿದಿ ನಮ್ಮ ಮನೆಯಲ್ಲಿ ಎರಡು ತಟ್ಟೆ ಬಾಮಿ ಶಾವಿಗೆ ತಿಂದ.

ಜೂನ್ 8

ಜ್ವರ. ಬೆಳಗಿನದು ಕಣ್ಣಲ್ಲಿ ಮುಗಿಸಿದರು. ಹಳೆಯದು ಒಂದೂ ಆಗಲಿಲ್ಲ. "ಎಷ್ಟು ಉಳೀತು?" ಎಂದರು. "ಎಂಬತ್ತಮೂರು." "ಛೆ" ಎಂದರು.

ಕೈ ಹಿಡಿದು ಕೇಳಿದೆ. "ನನ್ನ ಮೇಲೆ ಸಿಟ್ಟಿದೆಯಾ?"

"ಇದೆ" ಎಂದರು. ಕೈ ಬಿಡಿಸಿಕೊಳ್ಳಲಿಲ್ಲ. ಎಡಗೈ ಅದು.

ಜೂನ್ 9

ಬೆಳಿಗ್ಗೆ ಹೋದರು.

ಜೂನ್ 11

ಮೊನ್ನೆಯೇ ಪಡುವಣದವರ ಸ್ಮಶಾನದಲ್ಲಿ, ಅಪ್ಪನ ಪಕ್ಕದಲ್ಲಿ, ಬಲಮಗ್ಗುಲಿಗೆ ಮಲಗಿಸಿ ಪಡುವಣಕ್ಕೆ ಮುಖ ಮಾಡಿ ಮಣ್ಣು ಮಾಡಿದರು. ನಾನು ದಿಕ್ಕನ್ನು ಮೂರು ಸಲ ಕೇಳಿದೆ. ಸರ್ಮಿದಿ ಗುಂಡಿಯೊಳಗೆ ಇಳಿದು ತಾನೇ ಮುಖ ತಿರುಗಿಸಿದ.

ಸಂಜೆ ಅವನಿಗೆ ಹೇಳಿದೆ, ಉಳಿದ ಎಂಬತ್ತಮೂರನ್ನು ನಾನು ಮಾಡುತ್ತೇನೆ ಎಂದು. ಅವನು ಮುಖ ಸಣ್ಣದು ಮಾಡಿದ. "ಅತ್ತಿಗೆ, ಒಬ್ಬರ ನಮಾಜು ಇನ್ನೊಬ್ಬರು ಮಾಡೋಕೆ ಬರಲ್ಲ. ಎಲ್ಲೂ ಬರೆದಿಲ್ಲ. ಅದೂ ಆ ದಿಕ್ಕಿಗೆ."

"ಇಲ್ಲಿವರೆಗೂ ಮೈಯಲ್ಲಿ ಮಾಡಿದವಳು ನಾನೇ ತಾನೇ? ಈಗ ಕಣ್ಣೂ ನಂದೇ" ಎಂದೆ. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ.

ಜೂನ್ 24

ದಿನಕ್ಕೆ ಎರಡು, ಕೆಲವು ದಿನ ಮೂರು. ಮಾತುಗಳು ಪೂರ್ತಿ ಬರುವುದಿಲ್ಲ. ಇವರು ಗಟ್ಟಿಯಾಗಿ ಹೇಳುತ್ತಿದ್ದಷ್ಟನ್ನು ಹೇಳುತ್ತೇನೆ, ಗುಣುಗುತ್ತಿದ್ದ ಕಡೆ ಗುಣುಗುತ್ತೇನೆ. ಮನೆ ಬಿಕೋ ಎನ್ನುತ್ತದೆ. ರಕ್ತದೊತ್ತಡ ಬರೆಯುವ ಜಾಗ ಖಾಲಿ ಬಿಟ್ಟಿದ್ದೇನೆ.

ನನ್ನಿಂದಲೇ ಹೋದರು. ಸುಳ್ಳು ಹೇಳಿ ನಿಲ್ಲಿಸಿದೆ, ಅದಕ್ಕೇ ಬಿದ್ದರು. ಇದನ್ನು ಯಾರಿಗೂ ಹೇಳಲಾರೆ.

ಜುಲೈ 16

ಹೆರ್ಮಿನಾ ಆಸ್ಪತ್ರೆಯವರು ಕೊಟ್ಟಿದ್ದ ಗಾಲಿಕುರ್ಚಿಯನ್ನೂ ರಕ್ತದೊತ್ತಡದ ಯಂತ್ರವನ್ನೂ ವಾಪಸು ಒಯ್ಯಲು ಬಂದಿದ್ದಳು. ನಾಡಿದ್ದಿನ ನಲವತ್ತನೆಯ ದಿನದ ಊಟಕ್ಕೆ ನಾನು ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿದ್ದೆ. ಗೇಟು ತೆಗೆಯಲು ಎದ್ದು ಹೋದೆ.

ಅವಳು ಗೇಟಿನಾಚೆಯೇ ನಿಂತುಬಿಟ್ಟಳು.

"ಅಜ್ಜಿ, ಇನ್ನೊಂದು ಸಲ ಕೂತು ಏಳಿ."

"ಯಾಕೆ, ಹುಚ್ಚಾ?"

"ಕೂತು ಏಳಿ, ಹೇಳ್ತೀನಿ."

ಕೂತು ಎದ್ದೆ. ಕೈಯಲ್ಲಿ ತೆಂಗಿನ ಹೋಳು ಹಾಗೇ ಇತ್ತು.

"ಏನೂ ಹಿಡೀಲಿಲ್ಲ ನೀವು" ಎಂದಳು. "ಮಾರ್ಚಿನಲ್ಲಿ ಕೋಣೆಯ ಬಾಗಿಲು ಹಿಡಿದು ಏಳೋಕೆ ಎಷ್ಟು ಹೊತ್ತು ತಗೊಂಡ್ರಿ ಅಂತ ನನಗೆ ನೆನಪಿದೆ." ಯಂತ್ರವನ್ನು ನನ್ನ ತೋಳಿಗೇ ಸುತ್ತಿ ನೋಡಿದಳು. ಚೆನ್ನಾಗಿದೆಯಂತೆ. ಅವಳ ಮುಖ ಅರಳಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

"ನನ್ನ ಕಾಲು ಯಾರಿಗೆ ಬೇಕಿತ್ತು?" ಎಂದು ಕಿರುಚಿದೆ. "ನಾನು ಕೇಳಿದ್ನಾ? ಅವರಿಗೆ ಕೊಡು ಅಂದಿದ್ದನ್ನ ನನಗೆ ಯಾಕೆ ಕೊಟ್ಟೆ?"

ಆ ಹುಡುಗಿ ಏನು ಮಾಡಿದ್ದಾಳೆ ಪಾಪ? ನನ್ನ ಪಕ್ಕ ಕೂತಳು. ಉಳಿದ ಕಾಯನ್ನೆಲ್ಲ ಅವಳೇ ತುರಿದಳು. ಹೋಗುವಾಗ ತಬ್ಬಿಕೊಂಡಳು. ಅವಳ ಎದೆಯ ಹತ್ತಿರಕ್ಕೆ ನನ್ನ ತಲೆ ಬಂತು.

ಕಡಲೆಕಾಯಿ ಸುಲಿದ ದಿನ ಇವರು ಯಾಕೆ ನಕ್ಕರು ಎಂದು ಈಗ ತಿಳಿಯಿತು. ನನಗಿಂತ ಮೊದಲು ನೋಡಿದ್ದರು. ನೋಡಿಯೂ ಹೇಳಲಿಲ್ಲ, ಕಳ್ಳ.

ಜುಲೈ 18

ನಲವತ್ತನೆಯ ದಿನ. ಎರಡೂ ಕಡೆಯವರು ಬಂದು ಚಾಪೆಯ ಮೇಲೆ ಕೂತು ಉಂಡರು. ಮೂಡಣದವರು ಒಂದು ಸಾಲು, ಪಡುವಣದವರು ಒಂದು ಸಾಲು, ಮುಖಕ್ಕೆ ಮುಖ. ಅನ್ನ ಎರಡು ಸಲ ಬೇಯಿಸಬೇಕಾಯಿತು.

ಎಲ್ಲರೂ ಹೋದ ಮೇಲೆ, ಇನ್ನೂ ಬೆಳಕಿರುವಾಗಲೇ, ಎಂಬತ್ತಮೂರನೆಯದನ್ನು ಮುಗಿಸಿದೆ. ಕೊನೆಯಲ್ಲಿ ಬಲಕ್ಕೆ ತಿರುಗಿದೆ. ನಾನು ಯಾವಾಗಲೂ ಇವರ ಎಡಗಡೆ, ಆದ್ದರಿಂದ ನನ್ನ ಬಲಕ್ಕೆ ಇವರು. ಬರಿಯ ಮಂಚವಿತ್ತು. ಆದರೂ ಸಲಾಮು ಹೇಳಿದೆ. ಆಮೇಲೆ ಎಡಕ್ಕೂ ಹೇಳಿದೆ.

ಇನ್ನೂರೈದೂ ಆಯಿತು ರೀ. ಎಲ್ಲವೂ ಪಡುವಣಕ್ಕೇ. ಈ ಸಲ ಸುಳ್ಳಲ್ಲ. ಚಾಪೆ ಸುತ್ತಿ ಮಂಚದ ಮೇಲಿಟ್ಟೆ. ನಾಳೆಯಿಂದ ಮಾಡುವುದಕ್ಕೆ ಏನೂ ಇಲ್ಲ. ಈ ಪುಸ್ತಕವೂ ಇಲ್ಲಿಗೆ ಸಾಕು.

ಜುಲೈ 19

ಬೆಳಗಿನ ನಗಾರಿಗೆ ಎಚ್ಚರವಾಯಿತು. ಎದ್ದು ಮುಖ ತೊಳೆದು, ಚಾಪೆ ಹಾಸಿ ನಿಂತೆ. ಎಲ್ಲ ಮುಗಿದಿದೆ ಎಂದು ನೆನಪಾದದ್ದು ಹಣೆ ನೆಲ ಮುಟ್ಟಿದ ಮೇಲೆ.

ಅರ್ಧಕ್ಕೆ ಏಳಲು ಮನಸ್ಸಾಗಲಿಲ್ಲ. ಪೂರ್ತಿ ಮಾಡಿದೆ.